‘ನಾನು ಬೇಕು’ ಎನ್ನುವ ಟ್ಯಾಬ್

ಬಾಯಿಂದ ಮಾತು ಬಾರದ ಮಗುವಿಗೆ ಚಿತ್ರಗಳ ಟ್ಯಾಬ್ ಕೊಟ್ಟಿದ್ದೇವೆ ಎಂದುಕೊಳ್ಳಿ. ಮಗು ‘ನಾನು’ ಒತ್ತುತ್ತದೆ, ‘ಬೇಕು’ ಒತ್ತುತ್ತದೆ. ಟ್ಯಾಬ್ ಗಟ್ಟಿಯಾಗಿ ಹೇಳುತ್ತದೆ: ‘ನಾನು ಬೇಕು.’ ಯಾರಿಗೆ ಬೇಕು? ಇಂಗ್ಲಿಷಿನ ‘ಐ ವಾಂಟ್’ಗೆ ಪದಕ್ಕೆ ಪದ ಕೂಡಿಸಿ ಕನ್ನಡದ ಫಲಕ ಮಾಡಿದರೆ ಆಗುವುದು ಇದೇ. ನಮ್ಮಲ್ಲಿ ಬೇಕೆನ್ನುವವನು ‘ನಾನು’ ಅಲ್ಲ, ‘ನನಗೆ’.

ಇಂಥ ಫಲಕಕ್ಕೆ ಆರಿಸುವ, ಥೆರಪಿಯವರು ಕೋರ್ ವರ್ಡ್ಸ್ ಎನ್ನುವ ತಿರುಳು ಪದಗಳ ಹಿಂದಿನ ವಿಚಾರ ಗಟ್ಟಿಯಾದದ್ದೇ. ನಮ್ಮ ದಿನದ ಮಾತಿನ ಬಹುಪಾಲನ್ನು, ಸಾಮಾನ್ಯವಾಗಿ ಶೇ. 80 ಎಂದು ಹೇಳುವಷ್ಟನ್ನು, ಕೆಲವೇ ನೂರು ಪದಗಳು ಹೊರುತ್ತವೆ. 2003ರಲ್ಲಿ ಮೆಹೆರ್ ಬನಜೀ ಮತ್ತು ಸಂಗಡಿಗರು ಅಮೆರಿಕದ 50 ಚಿಕ್ಕ ಮಕ್ಕಳ ಮಾತು ಕೇಳಿ ಪಟ್ಟಿ ಮಾಡಿದಾಗ, ಎಲ್ಲರೂ ಬಳಸುವ ಪದಗಳಲ್ಲಿ ವಸ್ತುಗಳ ಹೆಸರೇ ಇರಲಿಲ್ಲ. ಸೇಬು, ನಾಯಿ, ಚೆಂಡು ಎಂದು ತೋರಿಸಿ ಕಲಿಸುವ ನಮ್ಮ ಅಭ್ಯಾಸಕ್ಕೆ ಇದು ಒಳ್ಳೆಯ ಪೆಟ್ಟು. ಸೇಬಿನ ಗುಂಡಿಯಿಂದ ಸೇಬಷ್ಟೇ ಸಿಗುತ್ತದೆ. ‘ಇನ್ನಷ್ಟು’, ‘ಬೇಡ’, ‘ನೋಡು’, ‘ಹೋಗೋಣ’ ಎಂಬವು ಊಟದಲ್ಲೂ ಆಟದಲ್ಲೂ ಜಗಳದಲ್ಲೂ ನಡೆಯುತ್ತವೆ.

ಆದರೆ ಆ ಪಟ್ಟಿಯಲ್ಲಿದ್ದ ‘ಎ’, ‘ದ’, ‘ಇನ್’, ‘ಆನ್’, ‘ಇಸ್’ಗಳನ್ನು ಕನ್ನಡದಲ್ಲಿ ಎಲ್ಲಿ ಹುಡುಕುವುದು? ಕೆಲವು ನಮಗೆ ಬೇಕಾಗಿಯೇ ಇಲ್ಲ, ಕೆಲವು ಪದದ ಬಾಲಕ್ಕೆ ಅಂಟಿಕೊಂಡಿವೆ. ತದ್ವಿರುದ್ಧವಾಗಿ ಅವರ ‘ನೋ’ ಒಂದಿದ್ದಲ್ಲಿ ನಮಗೆ ‘ಇಲ್ಲ’, ‘ಅಲ್ಲ’, ‘ಬೇಡ’ ಎಂಬ ಮೂರು. ತಟ್ಟೆ ಖಾಲಿ ಎನ್ನಲು ‘ಇಲ್ಲ’, ಇದು ನನ್ನ ತಟ್ಟೆಯಲ್ಲ ಎನ್ನಲು ‘ಅಲ್ಲ’, ಬಡಿಸಬೇಡ ಎನ್ನಲು ‘ಬೇಡ’. ಮೂರಕ್ಕೂ ಒಂದೇ ಕೆಂಪು ಗುಂಡಿ ಇಟ್ಟರೆ ಮಗುವಿನ ಮೂರು ಯೋಚನೆಯನ್ನು ನಾವೇ ಒಂದಾಗಿ ಕುಟ್ಟಿದಂತೆ.

ಈಗ ಫಲಕವನ್ನು ನಿಪ್ಪಾಣಿ ಹತ್ತಿರದ ಬೇಡಕಿಹಾಳಕ್ಕೆ ಒಯ್ಯೋಣ. ಅಲ್ಲಿ ಮಗುವಿನ ಕಿವಿಗೆ ಬೀಳುವುದು ‘ಬೇಡ’ ಅಲ್ಲ, ‘ಬ್ಯಾಡ’. ಅದಕ್ಕಿಂತ ಬಲವಾದದ್ದು ‘ಒಲ್ಲೆ’. ಅದರ ಜೊತೆ ‘ನಾನು’ ಎಂಬ ಗುಂಡಿಯೇ ಬೇಡ. ಮಾತಾಡುವವನು ಆ ಪದದೊಳಗೇ ಕೂತಿದ್ದಾನೆ. ಒಂದೇ ಒತ್ತಿಗೆ ಪೂರ್ಣ ವಾಕ್ಯ! ಕೈ ಸರಿಯಾಗಿ ಬಗ್ಗದ ಮಗುವಿಗೆ ಇದಕ್ಕಿಂತ ಉಪಕಾರಿ ಪದ ಸಿಗಲಾರದು. ಬೆಂಗಳೂರಿನ ಮಾತನ್ನು ಇಟ್ಟುಕೊಂಡು ಮಾಡಿದ ಪಟ್ಟಿಗೆ ಮಾತ್ರ ಅದು ನೆನಪಾಗುವುದಿಲ್ಲ. ಓಣಿಯಲ್ಲಿ ಮರಾಠಿಯೂ ಇದೆ, ‘ನಕೋ’ ಎಂಬುದೂ ಇದೆ. ಎರಡು ಭಾಷೆಯಿಂದ ಮಗುವಿಗೆ ಗೊಂದಲವೆಂದು ಒಂದನ್ನು ಕೈಬಿಡಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ‘ನನಗ ನೀರ ಬೇಕ’ ಮತ್ತು ‘ಮಲಾ ಪಾಣಿ ಪಾಹಿಜೆ’ ಒಂದೇ ಅಚ್ಚಿನವು, ಪದಗಳ ಸರದಿ ಕೂಡ ಒಂದೇ. ಗುಂಡಿಗಳ ಜಾಗ ಬದಲಿಸದೆ ಎರಡು ಪುಟ ಮಾಡಬಹುದು. ಜಾಗ ಬದಲಾಗದಿರುವುದು ಮುಖ್ಯ. ಕೈ ಕಲಿಯುವುದು ಚಿತ್ರಕ್ಕಿಂತ ಹೆಚ್ಚಾಗಿ ದಾರಿಯನ್ನು.

ಸಾಧನಗಳಿಗೆ ಈಗ ಅಷ್ಟು ಬರವಿಲ್ಲ. ಚೆನ್ನೈಯ ಅಜಿತ್ ನಾರಾಯಣನ್ ರೂಪಿಸಿದ ಆವಾಜ್ ಇದೆ, ಐಐಟಿ ಬಾಂಬೆಯ ಜೆಲ್ಲೋ ಇದೆ. ಬರ ಇರುವುದು ಕಲಿಸುವ ರೀತಿಯಲ್ಲಿ. ‘ಇನ್ನಷ್ಟು ಎಲ್ಲಿದೆ ತೋರಿಸು’ ಎಂದು ಪರೀಕ್ಷೆ ಮಾಡುತ್ತಾರೆ, ತೋರಿಸಿದರೆ ಬಿಸ್ಕಿಟ್. ಮಾತು ಬರುವ ಮಗುವಿಗೆ ಯಾರಾದರೂ ಹೀಗೆ ಮಾತು ಕಲಿಸಿದ್ದುಂಟೇ? ವರ್ಷಗಟ್ಟಲೆ ಅದರೆದುರು ಮಾತಾಡಿದೆವು, ಆಮೇಲೆ ಅದು ಮಾತಾಡಿತು. ಟ್ಯಾಬಿನಲ್ಲೂ ದೊಡ್ಡವರೇ ಮೊದಲು ಒತ್ತಬೇಕು. ರೊಟ್ಟಿ ಬಡಿಯುತ್ತ ಅವ್ವ ‘ಬಿಸಿ’ ಒತ್ತಲಿ, ಬಸ್ಸಿಗೆ ಕಾಯುತ್ತ ಕಾಕಾ ‘ಬರಲಿಲ್ಲ’ ಒತ್ತಲಿ, ಮಗುವಿನಿಂದ ಉತ್ತರ ಕೇಳದೆ. ತಿಂಗಳುಗಟ್ಟಲೆ ಏನೂ ಬಾರದಿರಬಹುದು. ಈ ಕೆಲಸಕ್ಕೆ ವಾರಕ್ಕೊಂದು ಗಂಟೆಯ ಥೆರಪಿ ಸಾಲದು, ಮನೆಯೇ ಬೇಕು.

ತಿರುಳು ಪದದ ಭಕ್ತರಿಗೂ ಒಂದು ಮಾತು. ‘ಕಬ್ಬು’, ‘ಟ್ರ್ಯಾಕ್ಟರ್’, ‘ಅಜ್ಜಿ’ ಪಟ್ಟಿಯ ತಿರುಳಲ್ಲ, ನಿಜ. ಆದರೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಕುಣಿಯುವ ಹುಡುಗನಿಗೆ ಆ ಗುಂಡಿಯಿಲ್ಲದ ಫಲಕ ಬೇಸರದ ಸಾಮಾನು.

ಸಾಧನದ ಧ್ವನಿ ಪುಸ್ತಕದ್ದಾದರೆ ಅಕ್ಕನ ಧ್ವನಿ ತುಂಬಿಸಬಹುದು. ‘ಒಲ್ಲೆ’ ಅವಳ ಕಂಠದಲ್ಲೇ ಇರಲಿ. ಹುಡುಗ ಅದನ್ನು ಒತ್ತಿದ ಮೊದಲ ದಿನ, ಬಾಯಿಗೆ ತಂದ ತುತ್ತನ್ನು ಅಜ್ಜಿ ಹಿಂದಕ್ಕೆ ತೆಗೆಯುತ್ತಾಳೋ, ‘ಒಂದs ತುತ್ತು’ ಎಂದು ತುರುಕುತ್ತಾಳೋ?