ಮುಳ್ಳು ಸುಳ್ಳು ಹೇಳುವ ಹೊತ್ತು

ಈ ವಾರ ಪದಸೂಚಿಯ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಮ್ಯಾನ್ಯುಯಲ್‌ನ ಕೊನೆಯ ಪುಟಗಳನ್ನು ಸಾಫ್ಟ್‌ವೇರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವವರ ಮೇಲೆ ನನಗಿರುವ ಸಿಟ್ಟು ಹಳೆಯ ಓದುಗರಿಗೆ ಗೊತ್ತೇ ಇದೆ. ಆದರೆ ಅಷ್ಟರಲ್ಲಿ ಪೀಣ್ಯದ ಗೆಳೆಯರೊಬ್ಬರು ಹೊಸ ಪ್ರೆಷರ್ ಟ್ರಾನ್ಸ್‌ಮಿಟರಿನ ಮ್ಯಾನ್ಯುಯಲ್ ಕಳಿಸಿದರು. "ನಲವತ್ತು ಪುಟ ಇದ್ದದ್ದನ್ನ ಎಂಟಕ್ಕೆ ಇಳಿಸಿದೀವಿ, ನೋಡಿ ಸಾರ್" ಎಂಬ ಹೆಮ್ಮೆಯ ಚೀಟಿ ಜೊತೆಗಿತ್ತು. ಇಳಿಸಿದ್ದಾರೆ, ನಿಜ. ವೈರ್ ಜೋಡಿಸಿ, ಬಟನ್ ಒತ್ತಿ, ಝೀರೋ ಮಾಡಿ, ಮುಚ್ಚಳ ಬಿಗಿ ಮಾಡಿ. ಮುಗಿಯಿತು. ಪದಸೂಚಿ ಕಾಯಲಿ.

ಇದು ಮಿನಿಮಲಿಸ್ಟರ ಪಂಥ. ನಮ್ಮ ಜಗಳ ಹಳೆಯದು. ಐಬಿಎಂನಲ್ಲಿದ್ದ ಜಾನ್ ಕ್ಯಾರಲ್ 1980ರ ದಶಕದಲ್ಲಿ ವರ್ಡ್ ಪ್ರೊಸೆಸರ್ ಕಲಿಯಲು ಒದ್ದಾಡುತ್ತಿದ್ದ ಕಚೇರಿ ಕೆಲಸದವರನ್ನು ಪಕ್ಕದಲ್ಲಿ ಕೂತು ಗಮನಿಸಿದರು. ಜನ ಓದಿ ಕಲಿಯುವುದಿಲ್ಲ, ಒತ್ತಿ ನೋಡಿ ಕಲಿಯುತ್ತಾರೆ; ಪೀಠಿಕೆ ಬಿಟ್ಟು ನೇರ ಕೆಲಸಕ್ಕೆ ಹಚ್ಚಿ ಎಂದರು. 1990ರಲ್ಲಿ ಬಂದ ಅವರ ‘ದಿ ನ್ಯೂರೆಂಬರ್ಗ್ ಫನಲ್’ ಒಳ್ಳೆಯ ಪುಸ್ತಕವೇ. ಕೆಟ್ಟದ್ದು ಶಿಷ್ಯರಿಂದ. ಕಲಿಯುವವರು ತಪ್ಪುತ್ತಾರೆ, ತಪ್ಪಿದ್ದು ಗೊತ್ತಾಗಬೇಕು, ಹೊರಬರುವ ದಾರಿ ಪಕ್ಕದಲ್ಲೇ ಇರಬೇಕು ಎಂದೂ ಗುರು ಒತ್ತಿ ಹೇಳಿದ್ದರು. ಪುಟ ಇಳಿದರೆ ಅನುವಾದದ ಖರ್ಚೂ ಇಳಿಯುತ್ತದೆಂದು ಲೆಕ್ಕ ಹಾಕುವ ಮ್ಯಾನೇಜರುಗಳಿಗೆ ಆ ಅಧ್ಯಾಯ ಬೇಕಿರಲಿಲ್ಲ. ಅಲ್ಲದೆ ವರ್ಡ್ ಪ್ರೊಸೆಸರಿನಲ್ಲಿ ಎಡವಿದರೆ ಹಾಳಾಗುವುದು ಒಂದು ಪತ್ರ. ಬಾಯ್ಲರಿನ ಪಕ್ಕ ನಿಂತವನಿಗೆ ‘ಒತ್ತಿ ನೋಡಿ ಕಲಿ’ ಅನ್ನಲಾದೀತೇ?

ನಮ್ಮ ಕಸುಬಿನ ಆದಿಕವಿ ನಿಜಕ್ಕೂ ಕವಿಯೇ: ಜೆಫ್ರಿ ಚಾಸರ್. (ನಮ್ಮ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ 1025ರದು, ಇವನಿಗಿಂತ ಬಹಳ ಹಿಂದಿನದು ಎಂದು ಪತ್ರ ಬರೆಯುವವರು ತುಸು ತಡೆಯಿರಿ. ಬೇಸಾಯದಿಂದ ಅಡುಗೆಯವರೆಗೆ ಎಲ್ಲ ಹೇಳುವ ಗ್ರಂಥ ಅದು. ಒಂದೇ ಉಪಕರಣದ ಮ್ಯಾನ್ಯುಯಲ್ ಅಲ್ಲ.) 1391ರ ಸುಮಾರಿಗೆ ಚಾಸರ್ ಹತ್ತು ವರ್ಷದ ಮಗ ಲೂಯಿಸ್‌ಗೆ ಆಸ್ಟ್ರೊಲೇಬ್ ಬಳಸುವ ಬಗೆಯನ್ನು ಬರೆದುಕೊಟ್ಟ; ಹುಡುಗನಿಗೆ ಲ್ಯಾಟಿನ್ ಸಾಲದೆಂದು ಇಂಗ್ಲಿಷಿನಲ್ಲಿ. ಅವನು ಮಾಡಿದ್ದೇನು ನೋಡಿ. ಈ ಉಪಕರಣ ಆಕ್ಸ್‌ಫರ್ಡಿನ ಅಕ್ಷಾಂಶಕ್ಕೆ ಹೊಂದಿಸಿದ್ದು ಎಂದು ಮೊದಲೇ ತಿಳಿಸುತ್ತಾನೆ. ತಾನು ಕಂಡ ಹಳೆಯ ಗ್ರಂಥಗಳ ಕೆಲವು ವಿಧಾನಗಳು ಕೊಟ್ಟ ಮಾತನ್ನು ಪೂರ್ತಿ ನಡೆಸಿಕೊಡುವುದಿಲ್ಲ ಎನ್ನುತ್ತಾನೆ. ಮೊದಲ ಭಾಗ ಇಡೀ ಬಿಡಿಭಾಗಗಳ ವಿವರಣೆ; ಬಳಸುವ ಕ್ರಮ ಎರಡನೆಯದರಲ್ಲಿ. ಮಾತು ಹೆಚ್ಚಾಯಿತೆಂದು ಆಡಿಕೊಳ್ಳುವವರಿಗೂ ಉತ್ತರ ಇಟ್ಟಿದ್ದಾನೆ: ಮಗು ಒಂದು ಸಲ ಮರೆಯುವುದಕ್ಕಿಂತ ಒಳ್ಳೆಯ ಮಾತನ್ನು ಎರಡು ಸಲ ಬರೆಯುವುದು ಮೇಲು. ಐದು ಭಾಗ ಬರೆಯುವೆನೆಂದವನದು ನಮಗೆ ಸಿಕ್ಕಿರುವುದು ಎರಡೇ. ಡೆಡ್‌ಲೈನಿನ ವಿಷಯದಲ್ಲೂ ಅವನು ನಮ್ಮವನೇ.

ಆ ಅಕ್ಷಾಂಶದ ಮಾತು ಎಂಟು ಪುಟದಲ್ಲಿ ಎಲ್ಲಿಯೂ ಇಲ್ಲ. ಸೊನ್ನೆ ಒತ್ತಡಕ್ಕೆ ಸೊನ್ನೆ ಬಿಟ್ಟು 4 ಮಿಲಿಆಂಪ್ ಯಾಕೆ ಎಂದು ಈ ಅಂಕಣದ ಓದುಗರಿಗೆ ಮತ್ತೆ ಹೇಳಬೇಕಿಲ್ಲ. ಆದರೆ ಸೆನ್ಸರ್ ಕೆಟ್ಟಾಗ ಕರೆಂಟು 3.6ಕ್ಕೆ ಇಳಿಯುತ್ತದೋ, 21ಕ್ಕೆ ಏರುತ್ತದೋ? ಅದನ್ನು ನಿರ್ಧರಿಸುವ ಪುಟ್ಟ ಸ್ವಿಚ್ ಚಿತ್ರದಲ್ಲಿ ಕಾಣುತ್ತದೆ, ಮಾತಿನಲ್ಲಿಲ್ಲ. ಟ್ಯಾಂಕಿನ ಮಟ್ಟ ಅಳೆಯಲು ಇದನ್ನೇ ಕೂರಿಸಿ, ಸ್ವಿಚ್ ಕೆಳಮುಖವಾಗಿಯೇ ಬಿಟ್ಟಿರಿ ಅನ್ನಿ. ಕಂಟ್ರೋಲರಿನಲ್ಲಿ 3.6 ಅಂದರೆ ದೋಷ ಎಂದು ಯಾರೂ ಹೇಳಿಕೊಡದಿದ್ದರೆ, ಸೆನ್ಸರ್ ಸತ್ತ ದಿನ ಟ್ಯಾಂಕು ಖಾಲಿ ಎಂದುಕೊಂಡು ಅದು ಪಂಪು ಓಡಿಸುತ್ತಲೇ ಇರುತ್ತದೆ.

ಊಹೆಯ ಮಾತಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ರಿಫೈನರಿಯಲ್ಲಿ 170 ಅಡಿಯ ಗೋಪುರವೊಂದನ್ನು ಮತ್ತೆ ಚಾಲೂ ಮಾಡುತ್ತಿದ್ದರು. ಅದರ ಲೆವೆಲ್ ಟ್ರಾನ್ಸ್‌ಮಿಟರ್ ಅಳೆಯಬಲ್ಲದ್ದು ತಳದ ಒಂಬತ್ತು ಅಡಿಯೊಳಗಿನ ಐದು ಅಡಿ ಹರವನ್ನು ಮಾತ್ರ. ದ್ರವ ಅದನ್ನೂ ಮೀರಿ ಏರಿತು. ಕ್ಯಾಲಿಬ್ರೇಶನ್ ನಡೆದಿದ್ದು ಹಳತಾದ ಡೇಟಾ ಶೀಟಿನ ಸಾಂದ್ರತೆಯ ಮೇಲೆ. ಮುಳುಗಿಹೋದ ಡಿಸ್‌ಪ್ಲೇಸರ್ ಸುತ್ತಲಿನ ದ್ರವ ಬಿಸಿಯಾಗಿ ಹಗುರಾದಂತೆಲ್ಲ ಪರದೆಯ ಮೇಲಿನ ಅಂಕಿ ಇಳಿಯುತ್ತ ಹೋಯಿತು. ಒಳಗೆ ಗೋಪುರ ತುಂಬುತ್ತಿದೆ, ಹೊರಗೆ ಮಟ್ಟ ನಿಧಾನವಾಗಿ ಇಳಿಯುತ್ತಿದೆ! ಕೊನೆಗೆ ಉಕ್ಕಿ ಹೊತ್ತಿಕೊಂಡಾಗ ಸತ್ತವರು 15 ಮಂದಿ, ಗಾಯಗೊಂಡವರು ಸುಮಾರು 180. ಕಾರಣಗಳು ಹಲವು: ಕೈಕೊಟ್ಟ ಹೈ ಲೆವೆಲ್ ಅಲಾರಂ, ಕೊಳೆಗಟ್ಟಿದ ಸೈಟ್ ಗ್ಲಾಸ್, ದಣಿದ ಆಪರೇಟರುಗಳು. ನನ್ನ ಕಣ್ಣು ಮಾತ್ರ ಆ ಡೇಟಾ ಶೀಟಿನ ಮೇಲೆ. ನಮ್ಮಂಥವರು ಮೇಜಿನ ಮುಂದೆ ಕೂತು ತಿದ್ದಬೇಕಾದ ಕಾಗದ ಅದು. ಅಳತೆಯ ಹರವು ಮೀರಿದ ಮೇಲೆ ಅಂಕಿಗೆ ಅರ್ಥವಿಲ್ಲ ಎಂಬುದನ್ನು ಮಿನಿಮಲಿಸ್ಟರು ‘ಹಿನ್ನೆಲೆ ಮಾಹಿತಿ’ ಎಂದು ಕರೆದು ಮೊದಲು ಕತ್ತರಿಸುತ್ತಾರೆ.

ಹಾಗಾಗಿ ಈ ಕಸುಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳಿಕೊಡುವುದು ವ್ಯಾಕರಣವನ್ನಲ್ಲ. ಡಿಸೈನ್ ಎಂಜಿನಿಯರ್ ಮುಂದೆ ಕೂತು ಕೇಳಿ: "ಇದು ಯಾವಾಗ ಸುಳ್ಳು ಹೇಳುತ್ತೆ ಸಾರ್?" ಮೊದಲು ಮುಖ ಗಂಟಿಕ್ಕುತ್ತಾರೆ. ಹೇಳೋದೇ ಇಲ್ಲ ಎನ್ನುತ್ತಾರೆ. ಎರಡನೆಯ ಕಾಫಿಗೆ ಬಾಯಿ ಬಿಡುತ್ತಾರೆ: "ಇಂಪಲ್ಸ್ ಲೈನಲ್ಲಿ ಗಸಿ ಕಟ್ಕೊಂಡ್ರೆ ಹಳೇ ಪ್ರೆಷರನ್ನೇ ತೋರಿಸ್ತಾ ಕೂತಿರುತ್ತೆ." ಆ ವಾಕ್ಯವನ್ನು ಝೀರೋ ಮಾಡುವ ಹಂತಕ್ಕಿಂತ ಮುಂಚೆ ಅಚ್ಚು ಹಾಕಿಸಿ. ಮಾರ್ಕೆಟಿಂಗ್‌ನವರು ಹೊಡೆದುಹಾಕಿದರೆ ಸದ್ದಿಲ್ಲದೆ ಸ್ಪೆಸಿಫಿಕೇಶನ್ ಕೋಷ್ಟಕದ ಅಡಿಟಿಪ್ಪಣಿಗೆ ಸಾಗಿಸಿ. ಅವರು ಅಲ್ಲಿಯ ತನಕ ಓದುವುದಿಲ್ಲ. ಟೆಕ್ನಿಷಿಯನ್ ಮೊದಲು ತೆರೆಯುವುದೇ ಆ ಪುಟವನ್ನು.