ಮಾಕಳಿಯಲ್ಲಿ ನಿಂತು ಒಂದು ಮಸೂದೆಯನ್ನು ಓದುವಾಗ

2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ನೀಡಿತು. ಜುಲೈ 17ರಂದು ಅದೇ ಸರಕಾರ ಅದನ್ನು ತಡೆಹಿಡಿಯಿತು. ಖಾಸಗಿ ಕೈಗಾರಿಕೆಗಳಲ್ಲಿ ಸ್ಥಳೀಯರಿಗೆ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಮೀಸಲಿಡಬೇಕೆಂಬ ಮಸೂದೆ ಅದು. ಈ ನಡುವೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು 'ಸಿ' ಮತ್ತು 'ಡಿ' ದರ್ಜೆಯ ಹುದ್ದೆಗಳೆಲ್ಲ ಶೇ. 100ರಷ್ಟು ಕನ್ನಡಿಗರಿಗೇ ಎಂದು ಜಾಲತಾಣದಲ್ಲಿ ಬರೆದು ಬಳಿಕ ಅಳಿಸಿದರು. ಉದ್ಯಮಿಗಳು ಮುನಿದರು, ಸರಕಾರ ಮಣಿಯಿತು. ಕನ್ನಡ ಸಂಘಟನೆಗಳು ಇದನ್ನು ದ್ರೋಹವೆಂದವು, ಇಂಗ್ಲಿಷ್ ಪತ್ರಿಕೆಗಳು ವಿವೇಕವೆಂದವು. ಇಷ್ಟೆಲ್ಲ ಗದ್ದಲದ ನಡುವೆ ಮಸೂದೆಯಲ್ಲಿ ಏನು ಬರೆದಿತ್ತು ಎಂಬುದನ್ನು ಓದಿದವರು ಎಷ್ಟು ಮಂದಿ?

ಆ ಮಸೂದೆಯನ್ನು ನಾವು ಇಲ್ಲಿ ಒಂದು ಬರಹವಾಗಿ ಓದಲು ಬಯಸುತ್ತೇವೆ. ತಡೆಹಿಡಿದದ್ದು ಮತ್ತೆ ಯಾವಾಗ ಬೇಕಾದರೂ ಹೊರಬರಬಹುದು. ಬಂದಾಗ ಅದೇ ಪದಗಳಲ್ಲಿ ಬಂದರೆ ಅದರಿಂದ ಕನ್ನಡಕ್ಕೂ ಲಾಭವಿಲ್ಲ, ಕೆಲಸ ಹುಡುಕುವ ಹುಡುಗನಿಗೂ ಲಾಭವಿಲ್ಲ.

ಇಂಥ ಮಸೂದೆಯನ್ನು ಓದಲು ವಿಧಾನಸೌಧಕ್ಕಿಂತ ತುಮಕೂರು ರಸ್ತೆ ಒಳ್ಳೆಯ ಜಾಗ. ಯಶವಂತಪುರ ದಾಟಿದರೆ ಪೀಣ್ಯ. ಅಲ್ಲಿಂದ ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ನಾಗಸಂದ್ರ, ಮಾದಾವರ, ಮಾಕಳಿ. ನಮ್ಮ ಮೆಟ್ರೊದ ಹಸಿರು ಮಾರ್ಗ 2024ರ ನವೆಂಬರ್ 7ರಿಂದ ಮಾದಾವರದವರೆಗೆ ಓಡುತ್ತಿದೆ. ಮಾಕಳಿ ಅದಕ್ಕೂ ಆಚೆ, ನೆಲಮಂಗಲದ ದಾರಿಯಲ್ಲಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ಗೋದಾಮುಗಳು, ವರ್ಕ್‌ಶಾಪ್‌ಗಳು, ಬಾಡಿಗೆ ಕೋಣೆಗಳ ಸಾಲುಗಳಿವೆ. ಹೊಲ ಕೊಟ್ಟವನ ಮಗ ಅದೇ ನೆಲದ ಮೇಲಿನ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾಗಿ ನಿಂತರೂ ಅದು ಗುತ್ತಿಗೆ ಕೆಲಸ. ಆದ್ದರಿಂದ 'ನಮ್ಮವರಿಗೆ ಕೆಲಸ' ಎಂಬ ಬೇಡಿಕೆಯನ್ನು ಸಂಕುಚಿತವೆಂದು ತಳ್ಳಿಹಾಕುವವರೊಂದಿಗೆ ನಾವಿಲ್ಲ. ನೆಲ, ನೀರು, ವಿದ್ಯುತ್ತು, ತೆರಿಗೆ ರಿಯಾಯಿತಿ ಕೊಟ್ಟ ಸಮಾಜ ಪ್ರತಿಯಾಗಿ ಕೆಲಸ ಕೇಳುವುದು ನ್ಯಾಯವೇ ಆಗಿದೆ.

ಈ ಬೇಡಿಕೆಗೆ ನಾಲ್ಕು ದಶಕಗಳ ಇತಿಹಾಸವಿದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ ಡಾ. ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1986ರಲ್ಲಿ ಅದರ ಅಂತಿಮ ವರದಿ ಬಂತು. 58 ಶಿಫಾರಸುಗಳಲ್ಲಿ 45ನ್ನು ಸರಕಾರ ಒಪ್ಪಿತು. ಒಪ್ಪಿದ್ದು ಕಾಗದದಲ್ಲಿ ಉಳಿಯಿತು. 2016ರ ಡಿಸೆಂಬರ್‌ನಲ್ಲಿ ಖಾಸಗಿ ಕಾರ್ಖಾನೆಗಳಿಗೂ ಇದನ್ನು ಅನ್ವಯಿಸುವ ಕರಡು ನಿಯಮ ಬಂತು. ಅದರಲ್ಲಿ ಐಟಿ, ಬಿಟಿ ಕಂಪೆನಿಗಳಿಗೆ ವಿನಾಯಿತಿ ಇತ್ತು. 2024ರ ಮಸೂದೆ ಈ ಸಾಲಿನಲ್ಲಿ ಬಂದದ್ದು.

ಮಹಿಷಿ ವರದಿ ಕನ್ನಡಿಗ ಯಾರೆಂಬುದಕ್ಕೆ ಸರಳವಾದ ಅಳತೆಗೋಲು ಕೊಟ್ಟಿತ್ತು. ಹದಿನೈದು ವರ್ಷ ಈ ನಾಡಿನಲ್ಲಿ ಬಾಳಿರಬೇಕು, ಕನ್ನಡ ಬರಬೇಕು. ಬಾಳುವೆ ಮತ್ತು ಭಾಷೆ. 2024ರ ಮಸೂದೆ ಇದಕ್ಕೆ ಮೂರನೆಯದನ್ನು ಸೇರಿಸಿತು. 'ಸ್ಥಳೀಯ ಅಭ್ಯರ್ಥಿ' ಕರ್ನಾಟಕದಲ್ಲೇ ಹುಟ್ಟಿರಬೇಕು. ಹುಟ್ಟು, ಹದಿನೈದು ವರ್ಷದ ವಾಸ, ಜೊತೆಗೆ ಕನ್ನಡ. ಮೂರೂ ಇದ್ದರೆ ಮಾತ್ರ ಸ್ಥಳೀಯ.

ಸಣ್ಣದೆಂದು ಕಾಣುವ ಈ ಪದ ಎಲ್ಲಿಗೆ ಒಯ್ಯುತ್ತದೆ ನೋಡಿ. ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಹುಟ್ಟಿದ್ದು ಕಾಸರಗೋಡಿನಲ್ಲಿ, ಕಲಿತದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ, ಬದುಕಿ ಬರೆದದ್ದು ಮಂಗಳೂರಿನಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಿಂದ ಕನ್ನಡ ಓದುಗರಿಗೆ ಮುಸ್ಲಿಮ್ ಮನೆಯ ಒಳಗನ್ನು ತೋರಿಸಿದವರು. ಅವರ ಊರಿನಲ್ಲಿ ಇಂದು ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸಕ್ಕಾಗಿ ಬೆಂಗಳೂರಿಗೆ ಬಂದು ಹದಿನೈದು ವರ್ಷ ಕಳೆದ ಹುಡುಗಿ ಈ ಮಸೂದೆಯ ಪ್ರಕಾರ ಸ್ಥಳೀಯಳಲ್ಲ. ಸೊಲ್ಲಾಪುರದ, ಅಕ್ಕಲಕೋಟೆಯ ಕನ್ನಡಿಗನೂ ಅಲ್ಲ. ಗಡಿಯಾಚೆ ಕನ್ನಡ ಶಾಲೆ ಉಳಿಯಬೇಕೆಂದು ವರ್ಷವರ್ಷವೂ ಭಾಷಣ ಮಾಡುವ ಸರಕಾರ, ಆ ಶಾಲೆಯಲ್ಲಿ ಕಲಿತವನಿಗೆ ತನ್ನ ಗೇಟಿನಲ್ಲಿ 'ನೀನು ಹೊರಗಿನವನು' ಎನ್ನುತ್ತದೆ. ಕನ್ನಡವನ್ನು ಉಳಿಸಲು ಹೊರಟ ಬರಹ ಕನ್ನಡಕ್ಕಿಂತ ಜನನ ಪ್ರಮಾಣಪತ್ರಕ್ಕೆ ಹೆಚ್ಚು ಬೆಲೆ ಕೊಟ್ಟಿತು. ಇದು ಅದರ ಮೊದಲ ದೋಷ.

ಮುಸ್ಲಿಮ್ ಓದುಗರು ಈ ದೋಷವನ್ನು ಬೇಗ ಗುರುತಿಸುತ್ತಾರೆ. ಹುಟ್ಟಿನ ಕಾಗದ ತೋರಿಸು ಎಂಬ ಮಾತು 2019ರ ಡಿಸೆಂಬರ್‌ನಿಂದ ಈಚೆಗೆ ನಮ್ಮ ಕಿವಿಗೆ ಬರಿಯ ಆಡಳಿತದ ಮಾತಾಗಿ ಕೇಳುವುದಿಲ್ಲ. ಮನೆಯಲ್ಲೇ ಹೆರಿಗೆಯಾದ, ಊರೂರು ತಿರುಗಿ ಕೂಲಿ ಮಾಡಿದ ಕುಟುಂಬಗಳಲ್ಲಿ ಆ ಕಾಗದ ಇರುವುದಿಲ್ಲ. ಈ ಮಾತು ದಲಿತರಿಗೂ ಅಲೆಮಾರಿಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಎರಡನೆಯದು ಭಾಷೆಯ ಪರೀಕ್ಷೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿರಬೇಕು, ಇಲ್ಲವಾದರೆ ನೋಡಲ್ ಏಜೆನ್ಸಿ ನಡೆಸುವ ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ನಿಯಮವನ್ನು ನಾವು ವಿರೋಧಿಸುವುದಿಲ್ಲ. ಮನೆಮಾತು ಉರ್ದು ಅಥವಾ ಬ್ಯಾರಿ ಆದದ್ದು ಕನ್ನಡ ಕಲಿಯದಿರಲು ನೆಪವಾಗಬಾರದು. ಮನೆಯಲ್ಲಿ ಉರ್ದು ಮಾತನಾಡಿದ, ದೇವನಹಳ್ಳಿಯಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್ ಅವರು 'ನಿತ್ಯೋತ್ಸವ'ದ ಕವಿಯಾದರು.

ಆದರೆ ಕಲಿಸುವುದು ಬೇರೆ, ಪರೀಕ್ಷಿಸುವುದು ಬೇರೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಬಾಲ್ಯದಲ್ಲಿ ಶಿವಮೊಗ್ಗದ ಕ್ರೈಸ್ತ ಮಿಶನರಿ ಶಾಲೆಗೆ ಸೇರಿಸುವಾಗ ಒಂದು ಷರತ್ತು ಹಾಕಿದ್ದರು. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು. ಎಂಟು ವರ್ಷದ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಶಾಲೆ ಷರತ್ತು ಹಾಕಿತು, ನಿಜ. ಆದರೆ ಮೊದಲು ಬಾಗಿಲು ತೆರೆದು ಒಳಗೆ ಕೂರಿಸಿತು, ಸಮಯ ಕೊಟ್ಟಿತು, ಕಲಿಸಿತು. 2024ರ ಮಸೂದೆಯಲ್ಲಿ ಪರೀಕ್ಷೆಗೆ ಏಜೆನ್ಸಿ ಇದೆ. ಕಾರ್ಖಾನೆಯ ಆವರಣದಲ್ಲಿ ಸಂಜೆ ಹೊತ್ತು ಕನ್ನಡ ಕಲಿಸಲು ಯಾರೂ ಇಲ್ಲ. ತುಮಕೂರು ರಸ್ತೆಯ ಬಾಡಿಗೆ ಕೋಣೆಗಳಲ್ಲಿ ರಾಯಚೂರು, ಕಲಬುರಗಿಯಿಂದ ಬಂದವರೂ ಇದ್ದಾರೆ, ಬಿಹಾರ, ಒಡಿಶಾದಿಂದ ಬಂದವರೂ ಇದ್ದಾರೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಹೋಗುತ್ತಾರೆಯೇ ಎಂಬ ಪ್ರಶ್ನೆಯೇ ಕನ್ನಡದ ನಾಳೆಯ ಪ್ರಶ್ನೆ. ಆ ಮಗುವಿಗೆ ಸಮೀಪದ ಸರಕಾರಿ ಶಾಲೆಯಲ್ಲಿ ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಹತ್ತು ವರ್ಷದಲ್ಲಿ ಅದು ಕನ್ನಡದ ಮಗು.

ಮೂರನೆಯ ದೋಷ ಎಲ್ಲಕ್ಕಿಂತ ದೊಡ್ಡದು. ಮಸೂದೆ ಕೆಲಸ ಯಾರಿಗೆ ಎಂದು ಕೇಳಿತು, ಎಂಥ ಕೆಲಸ ಎಂದು ಕೇಳಲೇ ಇಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಲಕ್ಷಾಂತರ ಮಹಿಳೆಯರಲ್ಲಿ ದೊಡ್ಡ ಪಾಲು ಈ ನಾಡಿನವರೇ. ಅಲ್ಲಿ ಮೀಸಲಾತಿ ಬೇಕಾಗಲಿಲ್ಲ. ಏಕೆಂದರೆ ಅಷ್ಟು ಕಡಿಮೆ ಸಂಬಳಕ್ಕೆ ಬರುವವರು ಅವರೇ. 2016ರ ಫೆಬ್ರವರಿ 10ರಂದು ಕೇಂದ್ರ ಸರಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿ, ಮಾಲಿಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಮಗಳ ಮದುವೆಗೆ, ಗಂಡನ ಆಸ್ಪತ್ರೆ ಖರ್ಚಿಗೆ, ಸಾಲ ತೀರಿಸಲಿಕ್ಕೆ ಆ ಹಣವೊಂದನ್ನೇ ನಂಬಿದವರಿಗೆ ಇದು ಹೊಟ್ಟೆಯ ಮೇಲೆ ಬಿದ್ದ ಏಟಾಗಿತ್ತು. ಏಪ್ರಿಲ್ 18 ಮತ್ತು 19ರಂದು ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ ಅವರು ಬೀದಿಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆಗಳು ಸ್ತಬ್ಧವಾದವು. ಲಾಠಿ ಬೀಸಿತು, ಕಲ್ಲು ತೂರಿತು, ವಾಹನ ಉರಿಯಿತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಏಪ್ರಿಲ್ 19ರಂದೇ ಕೇಂದ್ರ ಆ ನಿಯಮವನ್ನು ಹಿಂದೆಗೆದುಕೊಂಡದ್ದು ಆ ಹೆಂಗಸರ ಮಾತಿನಲ್ಲಿ ನ್ಯಾಯವಿತ್ತು ಎಂಬುದಕ್ಕೆ ಸಾಕ್ಷಿ. ಅವರೆಲ್ಲರೂ ಉದ್ಯೋಗದಲ್ಲಿದ್ದವರು. ಸ್ಥಳೀಯರಿಗೆ ಕೆಲಸ ಸಿಕ್ಕಿತು ಎಂದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎಂದಲ್ಲ.

ಇನ್ನೊಂದು ಹೋಲಿಕೆ ಇದೆ. 2023ರ ಫೆಬ್ರವರಿಯಲ್ಲಿ ಆಗಿನ ಸರಕಾರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಚಾಚಲು ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಗಿಂತ ಮೇಲಕ್ಕೆ ಏರಿಸಿತು. ಎರಡೂ ಸದನಗಳಲ್ಲಿ ಅದು ಹೆಚ್ಚು ಚರ್ಚೆಯಿಲ್ಲದೆ ದಾಟಿಹೋಯಿತು. ಉದ್ಯಮಕ್ಕೆ ಬೇಕಾದದ್ದು ಕೆಲವೇ ದಿನಗಳಲ್ಲಿ ಸದನಗಳ ಒಪ್ಪಿಗೆ ಪಡೆಯಿತು, ಬೇಡವಾದದ್ದು ಎರಡೇ ದಿನದಲ್ಲಿ ತಡೆಯಲ್ಪಟ್ಟಿತು. ಪಕ್ಷ ಬೇರೆ, ವೇಗ ಒಂದೇ. ಬೆವರು ಆರುವ ಮೊದಲೇ ಕೂಲಿ ಕೈಸೇರಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದರು. ಆ ಬೋಧನೆಯಲ್ಲಿ ಕೆಲಸಗಾರ ಯಾವ ಊರಿನವನು ಎಂಬ ಪ್ರಶ್ನೆ ಬರುವುದಿಲ್ಲ. ಬಿಹಾರಿಗೆ ಕಡಿಮೆ ಕೂಲಿ ಕೊಡಬಹುದಾದಷ್ಟು ಕಾಲ ಮಾಲಿಕ ಬಿಹಾರಿಯನ್ನೇ ಕರೆತರುತ್ತಾನೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದು ಕಟ್ಟುನಿಟ್ಟಾದರೆ ಹೊರಗಿನಿಂದ ಕರೆತರುವ ಆಸೆಯೂ ಅರ್ಧ ಕಡಿಮೆಯಾಗುತ್ತದೆ. ಸ್ಥಳೀಯನನ್ನು ಕಾಪಾಡುವ ನಿಜವಾದ ದಾರಿ ವಲಸಿಗನ ಕೂಲಿಯನ್ನು ಕಾಪಾಡುವುದು.

ನಾಲ್ಕನೆಯದು ಜಾರಿಯ ಪ್ರಶ್ನೆ. ನಿಯಮ ಮೀರಿದರೆ ದಂಡ 10,000ದಿಂದ 25,000 ರೂಪಾಯಿ. ಕೋಟಿಗಟ್ಟಲೆ ವ್ಯವಹಾರದ ಕಂಪೆನಿಗೆ ಇದು ಒಂದು ದಿನದ ಡೀಸೆಲ್ ಖರ್ಚು. ಅರ್ಹ ಸ್ಥಳೀಯರು ಸಿಗದಿದ್ದರೆ ಕಂಪೆನಿ ವಿನಾಯಿತಿ ಕೇಳಬಹುದು. ಆಗ ಪ್ರಮಾಣ ಶೇ. 25 ಮತ್ತು ಶೇ. 50ರವರೆಗೆ ಇಳಿಯಬಹುದು. 'ಸಿಗಲಿಲ್ಲ' ಎಂದು ತೀರ್ಮಾನಿಸುವುದು ಯಾರು? ಸರಕಾರವೇ. ಸಣ್ಣ ದಂಡ, ದೊಡ್ಡ ವಿನಾಯಿತಿ, ನಡುವೆ ಒಂದು ಸಹಿ. ಈ ಮೂರು ಸೇರಿದಲ್ಲಿ ಏನು ನಡೆಯುತ್ತದೆಂದು ನಮ್ಮ ಕಚೇರಿಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ನ್ಯಾಯಾಲಯದ ಅಡ್ಡಿಯೂ ಎದುರಿಗಿತ್ತು. ತಿಂಗಳಿಗೆ 30,000 ರೂಪಾಯಿ ಒಳಗಿನ ಕೆಲಸಗಳಲ್ಲಿ ಸ್ಥಳೀಯರಿಗೆ ಶೇ. 75 ಮೀಸಲಿಟ್ಟ ಹರಿಯಾಣದ ಕಾಯಿದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರ ನವೆಂಬರ್ 17ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತ್ತು. ಎಂಟು ತಿಂಗಳ ಬಳಿಕ ಅದೇ ಮಾದರಿಯನ್ನು ಇಲ್ಲಿ ತಂದವರು ಆ ತೀರ್ಪಿನಿಂದ ಏನನ್ನೂ ಕಲಿತಂತೆ ಕಾಣಲಿಲ್ಲ.

ಹಾಗೆಂದು ಮಸೂದೆಯಲ್ಲಿ ಒಳ್ಳೆಯದು ಇರಲೇ ಇಲ್ಲವೆಂದಲ್ಲ. ಅರ್ಹರು ಸಿಗದಿದ್ದರೆ ಸರಕಾರದ ಸಹಕಾರದಿಂದ ಮೂರು ವರ್ಷದೊಳಗೆ ಸ್ಥಳೀಯರಿಗೆ ತರಬೇತಿ ಕೊಡಬೇಕು ಎಂಬ ಒಂದು ಕಲಮು ಇತ್ತು. ಇಡೀ ಬರಹದಲ್ಲಿ ಮುಂದಕ್ಕೆ ನೋಡುವ ಮಾತು ಅದೊಂದೇ. ಆದರೆ ಎಷ್ಟು ಮಂದಿಗೆ, ಯಾರ ಖರ್ಚಿನಲ್ಲಿ, ತರಬೇತಿಯ ಬಳಿಕ ಕೆಲಸ ಖಾತರಿಯೇ ಎಂಬ ವಿವರಗಳಿಲ್ಲದೆ ಆ ಮಾತು ಶುಭ ಹಾರೈಕೆಯಾಗಿ ಉಳಿಯಿತು. 1961ರಷ್ಟು ಹಿಂದೆಯೇ ಅಪ್ರೆಂಟಿಸ್ ಕಾಯಿದೆ ಬಂದಿರುವ ದೇಶದಲ್ಲಿ, ಕಾರ್ಖಾನೆಗಳ ನಡುವೆಯೇ ಐಟಿಐಗಳಿರುವ ಊರುಗಳಲ್ಲಿ, ಇವೆರಡನ್ನು ಜೋಡಿಸುವ ಸೇತುವೆಯೇ ಮಸೂದೆಯ ನಡುಭಾಗ ಆಗಬೇಕಿತ್ತು.

ಮಾಕಳಿಯಲ್ಲಿ ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ಇಲ್ಲಿನ ಹೆಸರಾಂತ ಕಾರ್ಖಾನೆಗಳಲ್ಲಿ ಒಂದು ಹಿಮಾಲಯ. ಎಂ. ಮನಾಲ್ ಅವರು 1930ರಲ್ಲಿ ಡೆಹ್ರಾಡೂನಿನಲ್ಲಿ ಆರಂಭಿಸಿದ ಸಂಸ್ಥೆ. ಸರ್ಪಗಂಧದಿಂದ ರಕ್ತದೊತ್ತಡದ ಔಷಧಿ, 1955ರಲ್ಲಿ ಲಿವ್.52 ತಂದ ಈ ಸಂಸ್ಥೆ 1975ರಲ್ಲಿ ಮಾಕಳಿಯಲ್ಲಿ ಕಾರ್ಖಾನೆ ಕಟ್ಟಿತು. ಹುಟ್ಟಿನ ಅಳತೆಗೋಲಿನಲ್ಲಿ ಅದು ಹೊರಗಿನದು. ಆದರೆ ಐದು ದಶಕ ಇದೇ ನೆಲದಲ್ಲಿ ಬೇರುಬಿಟ್ಟದ್ದನ್ನು ಹೊರಗಿನದು ಎನ್ನಲು ಬರುತ್ತದೆಯೇ? 2022ರಲ್ಲಿ ಹಲಾಲ್ ಪ್ರಮಾಣಪತ್ರದ ನೆಪದಲ್ಲಿ ಜಾಲತಾಣಗಳಲ್ಲಿ ಇದರ ಬಹಿಷ್ಕಾರಕ್ಕೆ ಕರೆ ಎದ್ದಿತು. ಅಂಥ ಕರೆ ಯಶಸ್ವಿಯಾದರೆ ಪಾಳಿ ಕಳೆದುಕೊಳ್ಳುವವರು ಮಾಲಿಕರಿಗಿಂತ ಮೊದಲು ಕೆಲಸಗಾರರು, ಎಲ್ಲ ಜಾತಿ ಮತದವರು. 'ಸ್ಥಳೀಯರಿಗೆ ಕೆಲಸ' ಎಂದು ಕೂಗುವವರು ಆ ದಿನ ಮೌನವಾಗಿದ್ದರೆ ಅವರ ಕಾಳಜಿಯ ಪ್ರಾಮಾಣಿಕತೆಯನ್ನು ಪ್ರಶ್ನಿಸುವ ಹಕ್ಕು ನಮಗಿದೆ.

ಪ್ರಶ್ನೆ ನಮ್ಮ ಸಮುದಾಯಕ್ಕೂ ಇದೆ. 2006ರ ಸಾಚಾರ್ ವರದಿ, 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಶಾಲೆ ಕಂಡಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದಿತ್ತು. ನಿಗದಿತ ಸಂಬಳದ ಕೆಲಸಗಳಲ್ಲಿ ನಮ್ಮವರು ತೀರಾ ಕಡಿಮೆ ಎಂದೂ ಹೇಳಿತ್ತು. ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ಹತ್ತು ವರ್ಷ ದುಡಿದ ಹುಡುಗನ ಕೈಯಲ್ಲಿ ವಿದ್ಯೆ ಇದೆ, ಸರ್ಟಿಫಿಕೇಟ್ ಇಲ್ಲ. ಶೇ. 70 ಇರಲಿ, ಶೇ. 100 ಇರಲಿ, ಗೇಟಿನಲ್ಲಿ ಕೇಳುವುದು ಸರ್ಟಿಫಿಕೇಟನ್ನು. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಕಟ್ಟಿ ಒಂದು ದಾರಿ ತೋರಿಸಿದರು. ಕಾಲೇಜುಗಳ ಆ ದಾರಿಯ ಜೊತೆಗೆ, ಕಸುಬು ಬಲ್ಲವನಿಗೆ ಸಂಜೆ ಐಟಿಐ, ಕನ್ನಡ ತರಗತಿ, ಅಪ್ರೆಂಟಿಸ್ ಅವಕಾಶ ಕೊಡಿಸುವ ಕೆಲಸವನ್ನು ಮಸೀದಿ ಸಮಿತಿಗಳು, ಟ್ರಸ್ಟುಗಳು ಹೊರಬೇಕಾಗಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಸರಕಾರದ ಹೊಣೆಯೂ ದೊಡ್ಡದು. 2022ರಲ್ಲಿ ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನಿಂದ ಹಿಂದಿರುಗಿದ ಹುಡುಗಿ ಉದ್ಯೋಗದ ಗೇಟಿಗೆ ಯಾವ ಪ್ರಮಾಣಪತ್ರ ತರಬೇಕು?

ಹೊಸ ಮಸೂದೆ ಬರುವುದಾದರೆ ನಮ್ಮ ಬೇಡಿಕೆ ಇಷ್ಟು. ಹುಟ್ಟಿನ ಷರತ್ತನ್ನು ಕೈಬಿಟ್ಟು ಮಹಿಷಿ ವರದಿಯ ಬಾಳುವೆ ಮತ್ತು ಭಾಷೆಯ ಅಳತೆಗೋಲಿಗೆ ಮರಳಲಿ. ಪರೀಕ್ಷೆಗೆ ಮೊದಲು ಕಲಿಕೆ ಬರಲಿ, ಅದರ ಖರ್ಚು ರಿಯಾಯಿತಿ ಪಡೆಯುವ ಉದ್ಯಮವೂ ಸರಕಾರವೂ ಹಂಚಿಕೊಳ್ಳಲಿ. ಗುತ್ತಿಗೆಯವನಿಗೂ ಕಾಯಂ ಕೆಲಸಗಾರನಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಇರಲಿ. ವಿನಾಯಿತಿ ಪಡೆದ ಕಂಪೆನಿಗಳ ಹೆಸರು, ಕಾರಣ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಇವು ಉದ್ಯಮಿಗಳನ್ನು ಓಡಿಸುವ ಷರತ್ತುಗಳಲ್ಲ. ಆದರೆ ಇವನ್ನು ಬರೆಯಲು ಚುನಾವಣೆಯ ಉತ್ಸಾಹ ಸಾಲದು. ಕಾರ್ಖಾನೆಯೊಳಗೆ ಏನು ನಡೆಯುತ್ತದೆಂದು ಗೊತ್ತಿರಬೇಕು, ಶಾಲೆಯಲ್ಲಿ ಮೇಷ್ಟ್ರಿದ್ದಾರೆಯೇ ಎಂದು ವಿಚಾರಿಸಿರಬೇಕು. 2024ರ ಮಸೂದೆ ಬರೆದವರು ಇವೆರಡನ್ನೂ ಮಾಡಿದ ಗುರುತು ಅದರ ಪುಟಗಳಲ್ಲಿ ಇರಲಿಲ್ಲ.