ಅಂಚು ಕತ್ತರಿಸಿದ ಹಾಳೆಗಳು

ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯ ಕಾಲಕ್ಕೆ ಕೃಷ್ಣೆಯ ದಂಡೆಯ ಹಳೇ ಕೊಲ್ಹಾರ ಬಿಟ್ಟು ಹೊಸ ಕೊಲ್ಹಾರಕ್ಕೆ ಸಾಮಾನು ಹೊರುವಾಗ ನಮ್ಮವ್ವ ಒಂದು ಗಂಟನ್ನು ಯಾರ ಕೈಗೂ ಕೊಡಲಿಲ್ಲ. ವಾರಪತ್ರಿಕೆಗಳ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು ಮಾಡಿದ ಪುಸ್ತಕಗಳವು. "ಆ ರದ್ದಿ ಯಾಕ ಹೊರತೀಯವಾ" ಅಂದವರೇ ಹೆಚ್ಚು. ಉಳಿದ ಮೂರು ಗಂಟು ತೂಕಕ್ಕೆ ಹೋದವು.

ಕನ್ನಡದ ವಿಜ್ಞಾನ ಕಥೆಗಳ ಚರಿತ್ರೆಯೂ ಬಹುಪಾಲು ಹಾಗೆ ತೂಕಕ್ಕೇ ಹೋಗಿದೆ. ಹೊರಗೂ ಹಾಗಾದದ್ದುಂಟು, ಆದರೆ ಅಲ್ಲಿ ಉಳಿಸಿಕೊಂಡವರಿದ್ದರು. ಬ್ರಿಟನ್ನಿನ 'ಡಾಕ್ಟರ್ ಹೂ' ಟಿ.ವಿ. ಧಾರಾವಾಹಿ 1963ರ ನವೆಂಬರ್ 23ರಂದು ಶುರುವಾಯಿತು. ಟೇಪು ದುಬಾರಿ, ಮತ್ತೆ ಬಳಸಬಹುದು ಎಂದು ಬಿಬಿಸಿಯವರು ಹಳೆಯ ಕಂತುಗಳನ್ನು ಅಳಿಸಿದರು. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹಾಗೆ ಕಳೆದುಹೋದವು. ಆದರೆ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತ ಪ್ರೇಕ್ಷಕರಿದ್ದರು; ಕಳೆದುಹೋದ ಕಂತುಗಳ ಧ್ವನಿ ಪೂರ್ತಿ ಉಳಿಯಿತು. ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿ 79 ಕಂತಿಗೆ ನಿಂತ 1969ರಲ್ಲೇ ಬೀಜೋ ಟ್ರಿಂಬಲ್ ಎಂಬ ಅಭಿಮಾನಿ ಅದರ ಪಾತ್ರ, ಗ್ರಹ, ಯಂತ್ರಗಳಿಗೆಲ್ಲ ಅಕಾರಾದಿ ಕೈಪಿಡಿ ಹೊರತಂದರು. ಅಂಥ ಪುಸ್ತಕ ಕೈಯಲ್ಲಿದ್ದರೆ ಯಾರು ಯಾವುದನ್ನು ಮೊದಲು ಮಾಡಿದರು ಎಂದು ವಿಮರ್ಶಕ ಧೈರ್ಯದಿಂದ ಹೇಳಬಹುದು. ಅಂಥದ್ದಿಲ್ಲದ ನಮ್ಮಲ್ಲಿ ಹತ್ತು ವರ್ಷಕ್ಕೊಬ್ಬರು 'ಕನ್ನಡದ ಮೊದಲ' ವೈಜ್ಞಾನಿಕ ಕಾದಂಬರಿಕಾರರಾಗುತ್ತಾರೆ.

ಹೆಸರುಗಳೇನೂ ಇಲ್ಲದಿಲ್ಲ. ರಾಜಶೇಖರ ಭೂಸನೂರಮಠರು ಈ ಪ್ರಕಾರಕ್ಕೇ ಬರವಣಿಗೆಯನ್ನು ಮೀಸಲಿಟ್ಟರು. ಅವರ ಎರಡು ಶೀರ್ಷಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ: 'ಆಪರೇಷನ್ ಯುಎಫ್‌ಓ', 'ಮನ್ವಂತರ'. ಒಂದಕ್ಕೆ ಇಂಗ್ಲಿಷ್ ಪತ್ರಿಕೆಯ ವಾಸನೆ, ಇನ್ನೊಂದಕ್ಕೆ ಪುರಾಣದ ಕಾಲಮಾನ. ಕನ್ನಡದ ವಿಜ್ಞಾನ ಕಥೆ ಈ ಎರಡು ದಡಗಳ ನಡುವೆ ಓಡಾಡುತ್ತಲೇ ಬಂದಿದೆ. ಮನು ಅವರ ಕಾದಂಬರಿ 'ಮಹಾಸಂಪರ್ಕ'ವಂತೂ ಮಹಾಭಾರತದಲ್ಲೇ ಅನ್ಯಗ್ರಹದವರನ್ನು ಹುಡುಕಿತು. ಜನ ಮುಗಿಬಿದ್ದು ಓದಿದರು. ಪುರಾಣ ಅದಾಗಲೇ ಬಿಡಿಸಿಟ್ಟ ಆಕಾಶಕ್ಕೆ ಯಂತ್ರ ಜೋಡಿಸುವುದು ನನಗೆ ಮಾತ್ರ ಸುಲಭದ ದಾರಿಯಾಗಿ ಕಾಣುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಪಾಠ ಹೇಳುವ ಚಟ. ಅದಕ್ಕೆ ಕಾರಣವೂ ಉಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಮಾಸಪತ್ರಿಕೆ ತಂದಾಗ ಪಾರಿಭಾಷಿಕ ಪದಗಳಿಂದಲೇ ಆರಂಭಿಸಬೇಕಿತ್ತು. ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ವಿಜ್ಞಾನವನ್ನು ತಿಳಿಸಿ ಹೇಳುವುದೇ ಆ ತಲೆಮಾರುಗಳ ಮಹತ್ಕಾರ್ಯ. ಅದರ ನೆರಳಲ್ಲಿ ಬೆಳೆದ ಕಥೆಗೆ ಮೇಷ್ಟರ ಕೋಟು ಬಂತು. ಪ್ರೊಫೆಸರೊಬ್ಬ ಪುಟಗಟ್ಟಲೆ ವಿವರಿಸುತ್ತಾನೆ, ಪಕ್ಕದವನು ಬೆರಗಾಗುತ್ತಾನೆ. ಓದುಗ ಮೂರನೆಯ ಬೆಂಚಿನಲ್ಲಿ ತೂಕಡಿಸುತ್ತಾನೆ.

ಪಕ್ಕದ ಮರಾಠಿಯಲ್ಲಿ ಬೇರೆಯದೇ ನಡೆಯಿತು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ಇಟ್ಟಾಗ ಖಗೋಳವಿಜ್ಞಾನಿ ಜಯಂತ ನಾರಳೀಕರರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವಿಹಾಕಿ, ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಲ್ಲಿ 'ಕೃಷ್ಣವಿವರ' ಕಳಿಸಿ ಬಹುಮಾನ ಪಡೆದರು. ಕಥೆ ಮೊದಲು ಕಥೆಯಾಗಿ ಗೆಲ್ಲಲಿ ಎಂಬ ಆ ಹಟ ನಮ್ಮ ಪರಂಪರೆಗೆ ಅಷ್ಟಾಗಿ ಬರಲಿಲ್ಲ.

ಬಂದದ್ದು 'ವಿಜ್ಞಾನ ಕಥೆ' ಎಂಬ ಹಣೆಪಟ್ಟಿಯ ಹೊರಗೆ. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' 1980ರದು. ಹಾರುವ ಓತಿಯ ಹಿಂದೆ ಹೊರಟ ಅದರ ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಕಣ್ಣು ಬೇಕಾಗುತ್ತದೆ. ಕೊನೆಗೆ ಓತಿ ಕೈಗೂ ಸಿಗುವುದಿಲ್ಲ. ತಿಳಿದವನೇ ಸೋಲುವ, ಆ ಸೋಲಿನಲ್ಲೇ ಬೆರಗು ಹುಟ್ಟುವ ಈ ಜಾಗಕ್ಕೆ ರಾಕೆಟ್ಟಿನ ಕಾದಂಬರಿಗಳು ತಲುಪಿದ್ದು ಅಪರೂಪ.

ಭವಿಷ್ಯದ ಕಥೆ ಬೇಕಾದವರು ಕೃಷ್ಣೆಯ ದಂಡೆಗಾದರೂ ಬರಬಹುದಿತ್ತು. ನಮ್ಮೂರು ಮುಳುಗಿಸಿದ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಊರುಗಳ ಹಣೆಬರಹವನ್ನೆಲ್ಲ ಒಂದು ಅಂಕಿ ಬರೆಯಿತು: ಜಲಾಶಯದ ನೀರಿನ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಅದನ್ನು 524.256ಕ್ಕೆ ಏರಿಸಲು ಒಪ್ಪಿದ ಮೇಲೆ ಇನ್ನಷ್ಟು ಹಳ್ಳಿಗಳು ಮುಂದಿನ ನೀರಿನ ಲೆಕ್ಕದಲ್ಲೇ ಮನೆ ಕಟ್ಟುವುದೋ ಬೇಡವೋ ಎಂದು ಕೂತಿವೆ. ಇನ್ನೂ ಬಾರದ ಕಾಲ ಇವತ್ತಿನ ಗೋಡೆಯನ್ನು ನಿಲ್ಲಿಸಿಬಿಡುವುದಕ್ಕಿಂತ ಹೆಚ್ಚಿನ ವಿಜ್ಞಾನ ಕಥಾವಸ್ತು ಮಂಗಳ ಗ್ರಹದಲ್ಲಿ ಸಿಕ್ಕೀತೇ?

ಆದರೂ ನಮ್ಮ ವಿಜ್ಞಾನ ಕಥೆಯ ಮೇಲಿನ ಈ ತೀರ್ಪನ್ನು ನಾನು ಪೂರ್ತಿ ನಂಬಿ ಕೊಡಲಾರೆ. ಓದಿದ್ದು ಪುಸ್ತಕವಾಗಿ ಉಳಿದವನ್ನು ಮಾತ್ರ. 'ಕಸ್ತೂರಿ', 'ಸುಧಾ', 'ಮಯೂರ'ಗಳ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ತಿರುವಿ, ಕಥೆ, ತಾರೀಖು, ಚಿತ್ರ ಬರೆದವರು, ಆ ಹೊತ್ತಿಗೆ ತಿಳಿದಿದ್ದ ವಿಜ್ಞಾನ ಇಷ್ಟನ್ನಾದರೂ ನಮೂದಿಸಿದ ಕೈಪಿಡಿ ಬೇಕು. ತಾರೀಖಿನ ಮಾತು ಸಣ್ಣದಲ್ಲ. ಅವ್ವನ ಗಂಟಿನಲ್ಲಿ ಚಂದ್ರನ ಮೇಲೆ ಇಳಿಯುವ ಕಥೆಯೊಂದಿದೆ. 1969ರ ಜುಲೈಗೆ ಮೊದಲು ಬರೆದದ್ದಾದರೆ ಅದು ಕನಸು, ಆಮೇಲಿನದಾದರೆ ವರದಿಯ ನಕಲು. ಹೊಲಿಗೆ ಚಂದ ಕೂರಲೆಂದು ಅವ್ವ ಅಂಚುಗಳನ್ನು ಕತ್ತರಿಸಿದ್ದಾಳೆ. ತಾರೀಖು ಅದರೊಂದಿಗೆ ಹೋಗಿದೆ. ಹಾಳೆಯ ಬೆನ್ನಿಗೆ ಒಂದು ರೇಡಿಯೋದ ಅರ್ಧ ಜಾಹೀರಾತು ಉಳಿದಿದೆ. ಬೆಲೆಯ ಕೊನೆಯ ಎರಡು ಅಂಕಿ ಕಾಣುತ್ತವೆ.